ಅಪ್ಪ ಮುಟ್ಟಬಾರದು

ನಮ್ಮ ಭಾವನಿಗೆ ಬೀದಿಯವರು ಇಟ್ಟ ಹೆಸರು ರೀಸೆಟ್ಟಪ್ಪ. ಎದುರಿಗೇ ಹಾಗೆ ಕರೆಯುವ ಧೈರ್ಯ ನನಗೊಬ್ಬಳಿಗೇ ಇತ್ತು. ಹೆಂಡತಿಯ ತಂಗಿ ಎಂದ ಮೇಲೆ ಅಷ್ಟು ಸಲಿಗೆ ಇರಬೇಕಾದದ್ದೇ. ಆದರೆ ಮಧ್ಯೆ ಮೂರು ವರ್ಷ ನಾನೂ ಹಾಗೆ ಕರೆಯಲಿಲ್ಲ. ತಮಾಷೆ ಮಾಡುವಷ್ಟು ಮಾತೇ ನಮ್ಮಿಬ್ಬರ ನಡುವೆ ಉಳಿದಿರಲಿಲ್ಲ. ಅವರ ಮೇಲೆ ನನಗೆ ಸಿಟ್ಟಿತ್ತು. ಸುಳ್ಳೇಕೆ ಹೇಳಲಿ, ತಳದಲ್ಲಿ ಒಂದಿಷ್ಟು ಈಗಲೂ ಇದೆ.

ಭಾವ ಮೊದಲು ಟೆಲಿಫೋನ್ ಲೈನ್‌ಮನ್ ಆಗಿದ್ದರು. ಹೆಗಲಿಗೆ ತಂತಿಯ ಸುರುಳಿ, ಸೊಂಟಕ್ಕೆ ಇಕ್ಕಳ, ಕಂಬ ಹತ್ತಿ ಇಳಿದು ಮೊಣಕಾಲು ಸವೆಸಿಕೊಂಡವರು. ಮನೆಗಳಲ್ಲಿ ಟೆಲಿಫೋನು ಮೂಲೆ ಸೇರಿದ ಮೇಲೆ ಮನೆಮನೆಯ ಇಂಟರ್ನೆಟ್ ರಿಪೇರಿಗೆ ಇಳಿದರು. ರೂಟರ್ ಕೈಕೊಟ್ಟರೆ, ಪ್ರಿಂಟರ್ ಮಾತು ಕೇಳದಿದ್ದರೆ, ಮಲಗುವ ಕೋಣೆಗೆ ಸಿಗ್ನಲ್ ಬರದಿದ್ದರೆ ಜನ ಅವರಿಗೆ ಫೋನು ಮಾಡುತ್ತಿದ್ದರು. ಬಂದವರು ಏನು ತೊಂದರೆ ಎಂದು ಪೂರ್ತಿ ಕೇಳುವ ಮೊದಲೇ ಅಂಗಿಯ ಜೇಬಿನಿಂದ ಪಿನ್ನು ತೆಗೆಯುತ್ತಿದ್ದರು. ಅದು ನಮ್ಮ ಅಕ್ಕನ ತಲೆಪಿನ್ನು, ನೆಟ್ಟಗೆ ಬಿಡಿಸಿಟ್ಟುಕೊಂಡದ್ದು. ರೂಟರಿನ ಬೆನ್ನಿನಲ್ಲಿ ಒಂದು ಸಣ್ಣ ತೂತಿರುತ್ತದೆ. ಅದರೊಳಗೆ ಪಿನ್ನು ಒತ್ತಿ ಹಿಡಿದು ಹತ್ತು ಎಣಿಸಿದರೆ, ಯಾರು ಯಾವಾಗ ಏನು ಹೊಂದಿಸಿದ್ದರೋ ಅದೆಲ್ಲ ಅಳಿಸಿಹೋಗಿ ರೂಟರ್ ಕಾರ್ಖಾನೆಯಿಂದ ಬಂದ ದಿನದಂತಾಗುತ್ತದೆ. ಇದಕ್ಕೇ ರೀಸೆಟ್ ಎನ್ನುವುದು. ಆಮೇಲೆ ಭಾವ ಮೊದಲಿನಿಂದ ಎಲ್ಲ ಹೊಂದಿಸಿ, ಹೊಸ ಪಾಸ್‌ವರ್ಡ್ ಬರೆದ ಚೀಟಿಯನ್ನು ಅದರ ಹೊಟ್ಟೆಗೆ ಅಂಟಿಸಿ ಎದ್ದು ಬರುತ್ತಿದ್ದರು.

"ಇನ್ನೊಬ್ಬರ ತಪ್ಪು ಹುಡುಕ್ತಾ ಕೂತ್ರೆ ಆಯಸ್ಸು ಮುಗಿದುಹೋಗುತ್ತೆ. ಒರೆಸು, ಹೊಸದಾಗಿ ಬರಿ," ಎನ್ನುತ್ತಿದ್ದರು.

ಇದರಿಂದ ಆದ ಅನಾಹುತಗಳೇನು ಕಡಿಮೆಯಲ್ಲ. ರೂಟರ್ ಸರಿಹೋದ ಮನೆಯಲ್ಲಿ ಪ್ರಿಂಟರ್ ದಿಕ್ಕೆಟ್ಟು ಕೂರುತ್ತಿತ್ತು. ಒಬ್ಬ ಅಂಗಡಿಯವನ ನಾಲ್ಕೂ ಕ್ಯಾಮೆರಾಗಳು ಒಂದೇ ಸಲಕ್ಕೆ ಕುರುಡಾದವು. ಒಬ್ಬ ಹಲ್ಲಿನ ಡಾಕ್ಟರು ಸರಿಹೋಗಿಲ್ಲವೆಂದು ಮತ್ತೆ ಕರೆಸಿದಾಗ ಭಾವ ಮತ್ತೊಮ್ಮೆ ಪಿನ್ನು ಹಾಕಿದರು. ಇತ್ತ ಅಕ್ಕನ ಕನ್ನಡಿಯ ಕೆಳಗಿನ ಹಲಗೆಯಲ್ಲಿ ಒಂದು ಪಿನ್ನೂ ನಿಲ್ಲುತ್ತಿರಲಿಲ್ಲ. "ನನ್ನ ತಲೆ ಕೆದರಿಹೋದ್ರೂ ಪರವಾಗಿಲ್ಲ, ಊರಿನ ರೂಟರ್‌ಗಳು ನೆಟ್ಟಗಿರ್ಲಿ," ಎಂದು ಅವಳು ಗೊಣಗುತ್ತಿದ್ದಳು.

ನಾನು ಹೊಲಿಗೆಯವಳು. ತೋಳು ಬಿಗಿಯಾದರೆ ತಪ್ಪಾದ ಜಾಗದವರೆಗೆ ಮಾತ್ರ ಹೊಲಿಗೆ ಬಿಚ್ಚುತ್ತೇನೆ. ಬಟ್ಟೆಯನ್ನೇ ಎಸೆದು ಹೊಸದು ತರುವುದಿಲ್ಲ. ಹಾಗಾಗಿ ಭಾವನ ಕೆಲಸದ ರೀತಿ ನನಗೆ ಎಂದೂ ಹಿಡಿಸಿರಲಿಲ್ಲ. ಹಿಡಿಸದ ಇನ್ನೊಬ್ಬಳು ಆ ಮನೆಯಲ್ಲೇ ಇದ್ದಳು, ಅವರ ಮಗಳು.

ಹುಟ್ಟಿದಾಗಿನಿಂದ ಸಣ್ಣ ದನಿಯಲ್ಲಿ ರಾಗ ಎಳೆದು ಅಳುತ್ತಿದ್ದ ಮಗು ಅದು. ನಾನೇ ಪಿಟೀಲು ಎಂದು ಕರೆದೆ, ಆ ಹೆಸರೇ ನಿಂತಿತು. ಪಿಟೀಲು ಅಪ್ಪನ ಕಸುಬನ್ನು ಅಪ್ಪನಿಂದಲೇ ಕಲಿತಳು, ಆಮೇಲೆ ಅಪ್ಪನ ತಪ್ಪನ್ನೇ ಹಿಡಿಯತೊಡಗಿದಳು. ಅವಳು ಏನನ್ನೂ ಒರೆಸುತ್ತಿರಲಿಲ್ಲ. ಒಂದು ನೀಲಿ ರಟ್ಟಿನ ನೋಟುಪುಸ್ತಕವಿತ್ತು, ಮೂಲೆಗಳನ್ನೆಲ್ಲ ಕಚ್ಚಿ ಕಚ್ಚಿ ಹಾಳು ಮಾಡಿದ್ದಳು. ಮನೆಯ ಯಾವ ಸಾಧನಕ್ಕೆ ಯಾವ ನಂಬರು, ಯಾವ ಕೇಬಲ್ಲು ಎಲ್ಲಿಗೆ ಹೋಗುತ್ತದೆ, ಎಲ್ಲ ಅದರಲ್ಲಿತ್ತು. ಹದಿನೇಳು ತುಂಬಿದ ವರ್ಷ ಯಾರೋ ಬಳಸಿ ಬಿಟ್ಟಿದ್ದ ಒಂದು ಕಪ್ಪು ಪೆಟ್ಟಿಗೆ ತಂದು, ಚಪ್ಪಲಿ ಸ್ಟ್ಯಾಂಡಿನ ಮೇಲೆ ರೂಟರಿನ ಪಕ್ಕ ಇಟ್ಟಳು. ಒಳಗೆ ಎರಡು ಡಿಸ್ಕು. ಮನೆಯ ಫೋನುಗಳಲ್ಲಿ ತೆಗೆದ ಫೋಟೋ, ವಿಡಿಯೋ ಎಲ್ಲ ತಾವಾಗಿಯೇ ರೂಟರ್ ಮೂಲಕ ಅದರೊಳಗೆ ಹೋಗಿ ಸೇರುತ್ತಿದ್ದವು, ಬೇಕೆಂದಾಗ ಟಿ.ವಿ.ಯಲ್ಲಿ ಹಾಕಿ ನೋಡಬಹುದಿತ್ತು. ಅದಕ್ಕೆ ಅವಳು ಕಣಜ ಎಂದು ಹೆಸರಿಟ್ಟಳು.

ಭಾವ ಮೊದಲ ದಿನವೇ ಅದನ್ನು ಎತ್ತಿ ಬೆನ್ನು ತಿರುಗಿಸಿ ತೂತು ಎಲ್ಲಿದೆ ಎಂದು ನೋಡಿದರಂತೆ. ಪಿಟೀಲು ಕೈಯಿಂದ ಕಸಿದುಕೊಂಡಳು.

"ಅಪ್ಪಾ, ಇದು ರೂಟರ್ ಅಲ್ಲ. ಇದಕ್ಕೆ ಪಿನ್ನು ಹಾಕಿದ್ರೆ, ಡಿಸ್ಕ್ ಒರೆಸಿ ಹೊಸದಾಗಿ ಸಿದ್ಧ ಮಾಡ್ಲಾ ಅಂತ ಕೇಳುತ್ತೆ. ನೀನು ಓದದೇನೇ ಹೂಂ ಅಂತ ಒತ್ತಿಬಿಡ್ತೀಯ."

"ನಾನೇನು ಓದು ಬರದವನಾ?"

"ಓದು ಬರುತ್ತೆ. ತಾಳ್ಮೆ ಬರಲ್ಲ."

ಆಮೇಲೆ ಗಾಯಕ್ಕೆ ಹಾಕುವ ಬಿಳಿ ಪಟ್ಟಿಯನ್ನು ಕತ್ತರಿಸಿ, ಅದರ ಮೇಲೆ "ಅಪ್ಪ ಮುಟ್ಟಬಾರದು" ಎಂದು ಬರೆದು ಕಣಜದ ಹಣೆಗೆ ಅಂಟಿಸಿದಳು. ಭಾವ ಅದನ್ನು ಬಂದವರಿಗೆಲ್ಲ ತೋರಿಸಿ ನಗುತ್ತಿದ್ದರು. ಮಗಳು ತನ್ನನ್ನು ಬೈದದ್ದೂ ಅವರಿಗೆ ಹೆಮ್ಮೆಯೇ.

ಹತ್ತೊಂಬತ್ತನೇ ವಯಸ್ಸಿನಲ್ಲಿ ಪಿಟೀಲಿಗೆ ಜ್ವರ ಬಂತು. ಎರಡು ದಿನ ಮನೆಯಲ್ಲಿ, ಆಮೇಲೆ ಹನ್ನೊಂದು ದಿನ ಆಸ್ಪತ್ರೆಯಲ್ಲಿ. ಹನ್ನೆರಡನೇ ದಿನ ಅವಳಿರಲಿಲ್ಲ. ಇದನ್ನು ಉದ್ದ ಮಾಡಿ ಬರೆಯಲು ನನ್ನಿಂದಾಗದು.

ಆಸ್ಪತ್ರೆಯಲ್ಲಿ ಹಗಲು ನಾನಿರುತ್ತಿದ್ದೆ, ರಾತ್ರಿ ಅಕ್ಕ. ಸುಮ್ಮನೆ ಕೂತರೆ ತಲೆ ಕೆಡುತ್ತದೆ ಎಂದು ಭಾವ ಕೆಲಸಕ್ಕೆ ಹೋಗಿ ಸಂಜೆ ಬರುತ್ತಿದ್ದರು. ಎಂಟನೆಯದೋ ಒಂಬತ್ತನೆಯದೋ ದಿನ, ಮಧ್ಯಾಹ್ನ, ಪಿಟೀಲು ದಿಂಬಿಗೆ ಒರಗಿ ಫೋನನ್ನು ಮುಖದ ಮುಂದೆ ಹಿಡಿದುಕೊಂಡಿದ್ದಳು.

"ಯಾರಿಗೆ ಭಾಷಣ?" ಎಂದೆ.

"ಅಪ್ಪನಿಗೆ. ಎದುರಿಗೆ ಹೇಳಿದ್ರೆ ಕೇಳಿಸ್ಕೊಳ್ಳಲ್ಲ ಅವನು. ಮನೆಗೆ ಹೋದ್ಮೇಲೆ ಇದು ಕಣಜಕ್ಕೆ ಸೇರ್ಕೊಳ್ಳುತ್ತೆ, ಅಲ್ಲಿ ನೋಡ್ಲಿ. ನೀನು ಹೊರಗೆ ಹೋಗು ಚಿಕ್ಕಮ್ಮ, ನನಗೆ ನಾಚಿಕೆ."

ನಾನು ಬಿಸಿನೀರು ತರುವ ನೆಪದಲ್ಲಿ ಫ್ಲಾಸ್ಕ್ ಎತ್ತಿಕೊಂಡು ಹೊರಗೆ ಹೋದೆ.

ಅವಳು ಹೋದ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ನಾವು ಕಾಗದಪತ್ರಕ್ಕೆ ಕಾಯುತ್ತ ನಿಂತಿದ್ದೆವು. ಅಕ್ಕನ ಕೈಚೀಲದಲ್ಲಿ ಪಿಟೀಲಿನ ಫೋನು ಬಿಟ್ಟೂ ಬಿಡದೆ ಗುರುಗುಟ್ಟುತ್ತಿತ್ತು. ಸ್ನೇಹಿತೆಯರು, ಹೇಗಿದ್ದೀಯ, ಯಾವಾಗ ಬರ್ತೀಯ ಎಂದು ಕೇಳುತ್ತಿದ್ದರು. ಒಂದೊಂದು ಸಲ ಗುರ್ ಎಂದಾಗಲೂ ಅಕ್ಕ ಬೆಚ್ಚಿ ಬೀಳುತ್ತಿದ್ದಳು. ಭಾವ ಚೀಲದಿಂದ ಫೋನು ತೆಗೆದುಕೊಂಡು ಮೆಟ್ಟಿಲ ಹತ್ತಿರ ಹೋದರು. ಅದರ ಎರಡು ಗುಂಡಿ ಒಟ್ಟಿಗೆ ಒತ್ತಿ ಹಿಡಿದು ನಿಂತರು. ತುಟಿ ಅಲ್ಲಾಡುತ್ತಿತ್ತು, ಎಣಿಸುತ್ತಿದ್ದರು. ವಾಪಸ್ಸು ಬರುವಾಗ ಕೈ ಖಾಲಿ. ಹನ್ನೊಂದು ದಿನ ಪಿಟೀಲಿನ ತಲೆ ಬಾಚಿದ್ದ ವಾರ್ಡಿನ ಆಯಾಗೆ ಕೊಟ್ಟುಬಿಟ್ಟಿದ್ದರು, ಅವಳ ಮಗಳಿಗೆ ಆಗುತ್ತದೆಂದು.

"ಒರೆಸಿ ಕೊಟ್ಟೆ. ಎಲ್ಲ ಕಣಜದಲ್ಲಿ ಇದ್ದೇ ಇದೆಯಲ್ಲ," ಎಂದರು.

ಅಷ್ಟಕ್ಕೇ ನಿಲ್ಲಲಿಲ್ಲ. ಒಂದು ವಾರ ಕಳೆದಿತ್ತೋ ಇಲ್ಲವೋ, ಪಿಟೀಲಿನ ಕೋಣೆ ಖಾಲಿ ಮಾಡಿಸಿದರು. ಬಟ್ಟೆಗಳು ಹೋದವು, ಮಂಚ ಹೋಯಿತು, ಪುಸ್ತಕಗಳು ರದ್ದಿಗೆ ಹೋದವು, ಗೋಡೆಗೆ ಹೊಸ ಬಣ್ಣ ಬಂತು. ನಾನು ಹೊಲಿದುಕೊಟ್ಟ ಹಳದಿ ಅಂಗಿ ಒಂದನ್ನಾದರೂ ಉಳಿಸಿ ಎಂದೆ. "ನೋಡಿ ನೋಡಿ ಸಾಯೋದಾ?" ಎಂದು ನನ್ನ ಮೇಲೆ ರೇಗಿದರು. ಅಕ್ಕ ಗೋಡೆಗೆ ಒರಗಿ ನಿಂತು ನೋಡುತ್ತಿದ್ದಳು. ಅವತ್ತಿನಿಂದ ನಾನು ಭಾವನ ಜೊತೆ ಬೇಕಾದಷ್ಟೇ ಮಾತಾಡಿದೆ.

ಉಳಿದದ್ದು ಕಣಜ ಒಂದೇ. ಹಣೆಪಟ್ಟಿಯನ್ನು ನೋಡಿ ಭಾವನ ಕೈ ಹಿಂದೆ ಬಂತೋ ಏನೋ, ಅದನ್ನು ಮಾತ್ರ ಮುಟ್ಟಲಿಲ್ಲ.

ಅಕ್ಕ ದಿನಾ ಸಂಜೆ ನಾಲ್ಕಕ್ಕೆ ಟಿ.ವಿ. ಮುಂದೆ ಕೂತು ಕಣಜ ತೆರೆಯುತ್ತಿದ್ದಳು. ದಿನಕ್ಕೆ ಹತ್ತೇ ನಿಮಿಷ. ಬೇಗ ಮುಗಿದುಹೋದರೆ ಎಂಬ ಭಯ. ಮೊದಲಿನಿಂದ ಕೊನೆಯವರೆಗೆ ನೋಡುವಳು, ಮುಗಿದರೆ ಮತ್ತೆ ಮೊದಲಿನಿಂದ. ಆ ಹೊತ್ತಿಗೆ ಸರಿಯಾಗಿ ಭಾವನಿಗೆ ಎಲ್ಲಿಂದಲೋ ಕೆಲಸದ ಕರೆ ಬಂದಿರುತ್ತಿತ್ತು. ಮೂರು ವರ್ಷದಲ್ಲಿ ಅವರು ಒಂದೇ ಒಂದು ವಿಡಿಯೋ ನೋಡಿರಲಿಲ್ಲ.

ಹೋದ ವರ್ಷ ಇಂಟರ್ನೆಟ್ ಕಂಪನಿಯವರು ಎಲ್ಲರ ಮನೆಯ ಹಳೆಯ ರೂಟರ್ ಬದಲಾಯಿಸಿದರು. ಭಾವ ಮನೆಯಲ್ಲಿಲ್ಲದಾಗ ಅವರ ಮನೆಗೂ ಒಬ್ಬ ಬಂದ. ಹೊಸದನ್ನು ಸಿಕ್ಕಿಸಿ, ಹಳೆಯದನ್ನು ಚೀಲಕ್ಕೆ ತುಂಬಿಕೊಂಡು, ಸಹಿ ಹಾಕಿಸಿಕೊಂಡು ಹೋದ. ಹತ್ತು ನಿಮಿಷದ ಕೆಲಸ. ನಾಲ್ಕು ಗಂಟೆಗೆ ಅಕ್ಕ ಟಿ.ವಿ. ಹಾಕಿದಳು. "ಸಾಧನ ಸಿಗುತ್ತಿಲ್ಲ" ಎಂದು ಬಂತು.

ಅವಳು ಫೋನು ಮಾಡಿದ್ದು ನನಗೆ. "ಕಣಜ ಕಾಣ್ತಿಲ್ಲ ಕಣೆ. ಬೇಗ ಬಾ. ನಿಮ್ಮ ಭಾವನಿಗೆ ಹೇಳ್ಬೇಡ, ಪಿನ್ನು ಹಾಕಿಬಿಡ್ತಾರೆ."

ಹೊಲಿಗೆ ಮಿಷನ್ನು ಬಿಟ್ಟರೆ ನನಗೆ ಬೇರೆ ಯಂತ್ರ ಗೊತ್ತಿಲ್ಲ. ಆದರೂ ಹೋದೆ. ಅಕ್ಕ ಚಪ್ಪಲಿ ಸ್ಟ್ಯಾಂಡಿನ ಮುಂದೆ ನೆಲದ ಮೇಲೆ ಕೂತು, ಕಾಯಿಲೆಯವರ ಹಣೆ ಮುಟ್ಟುವ ಹಾಗೆ ಕಣಜದ ಮೇಲೆ ಕೈಯಿಟ್ಟುಕೊಂಡಿದ್ದಳು. "ಬೆಚ್ಚಗಿದೆ. ಒಳಗೆ ತಿರುಗ್ತಾನೂ ಇದೆ," ಎಂದಳು. ಇಬ್ಬರೂ ಸೇರಿ ಕೇಬಲ್ಲು ಎಳೆದೆವು, ಸಿಕ್ಕಿಸಿದೆವು, ಟಿ.ವಿ. ಆರಿಸಿ ಹಾಕಿದೆವು. ಹೀಗೆ ಕೂತಿರುವಾಗಲೇ ಬೀಗದ ಸದ್ದಾಗಿ ಭಾವ ಒಳಗೆ ಬಂದರು.

ನೋಡಿದ ತಕ್ಷಣ ಅವರಿಗೆ ಅರ್ಥವಾಯಿತು. ಕೈ ತಾನಾಗಿಯೇ ಜೇಬಿಗೆ ಹೋಯಿತು. ಅಕ್ಕ ಎದ್ದು ಅವರಿಗೂ ಕಣಜಕ್ಕೂ ನಡುವೆ ನಿಂತಳು.

"ಪಕ್ಕಕ್ಕೆ ಸರಿ, ನೋಡ್ತೀನಿ."

"ಬೇಡ ರೀ. ಇದು ಹೀಗೇ ಇರ್ಲಿ."

"ಹೀಗೇ ಇದ್ರೆ ನೀನು ದಿನಾ ನೋಡೋದು ಹೇಗೆ?"

"ನೋಡದಿದ್ರೂ ಪರವಾಗಿಲ್ಲ. ಒಳಗಿದೆ ಅಂತಾದ್ರೂ ಇರುತ್ತೆ."

ಅಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು. ಮೂರು ವರ್ಷದ ಸಿಟ್ಟು, ಆ ಜೇಬಿಗೆ ಹೋದ ಕೈ ನೋಡಿ ಉಕ್ಕಿಬಂತು.

"ಹಾಕಿ ಭಾವ, ಪಿನ್ನು ಹಾಕಿ. ಅದೊಂದು ಬಾಕಿ ಇತ್ತು. ಆಸ್ಪತ್ರೇಲಿ ನಿಮಗೆ ಅಂತಾನೇ ಮಾತಾಡಿ ಇಟ್ಟಿದ್ದಾಳೆ ನಿಮ್ಮ ಮಗಳು, ಅದರಲ್ಲೇ ಇದೆ. ಮೂರು ವರ್ಷದಿಂದ ಕೇಳೋ ಧೈರ್ಯ ಇಲ್ಲ ನಿಮಗೆ. ಅದನ್ನೂ ಒರೆಸಿಬಿಡಿ, ನೆಮ್ಮದಿಯಾಗಿರಿ!"

ಭಾವ ನನ್ನನ್ನೇ ನೋಡಿದರು. "ನನಗೆ ಅಂತಾನಾ?"

"ಹೂಂ. ಅಪ್ಪನಿಗೆ ಅಂತ ಹೇಳೇ ನನ್ನನ್ನ ಆಚೆ ಕಳಿಸಿದ್ಲು."

ಅಕ್ಕನ ಮುಖ ಬಿಳಚಿಕೊಂಡಿತು. ನಾನು ಜಗಳಕ್ಕೆ ಹೆದರಿದಳು ಎಂದುಕೊಂಡೆ. ಅವಳು ಭಾವನ ಮುಂದೆ ಅಂಗೈ ಚಾಚಿ, "ಪಿನ್ನು ಇಲ್ಲಿ ಕೊಡಿ," ಎಂದಳು. ಭಾವ ಜೇಬಿನಿಂದ ಒಂದು, ಎರಡು, ಮೂರು ಪಿನ್ನು ತೆಗೆದು ಅವಳ ಅಂಗೈಗೆ ಹಾಕಿದರು.

"ಒರೆಸಲ್ಲ. ಹುಡುಕ್ತೀನಿ," ಎಂದರು.

ಜೀವನದಲ್ಲಿ ಮೊದಲ ಸಲ ಭಾವ ಒಂದು ರೂಟರಿನ ಮುಂದೆ ಚಕ್ಕಂಬಕ್ಕಳ ಹಾಕಿ ಕೂತು ಏನಾಗಿದೆ ಎಂದು ನೋಡಿದರು. ಕೇಬಲ್ಲು ಬದಲಿಸಿದರು. ರೂಟರಿನ ನಾಲ್ಕೂ ತೂತಿಗೆ ಒಂದೊಂದಾಗಿ ಸಿಕ್ಕಿಸಿ ನೋಡಿದರು. ಕಣಜದ ಹಸಿರು ದೀಪ ಮಿನುಗುತ್ತಲೇ ಇತ್ತು. ಆದರೆ ರೂಟರಿಗೆ ಸೇರಿಕೊಂಡಿರುವ ಸಾಧನಗಳ ಪಟ್ಟಿಯಲ್ಲಿ ಟಿ.ವಿ. ಇತ್ತು, ಅವರ ಲ್ಯಾಪ್‌ಟಾಪ್ ಇತ್ತು, ನಮ್ಮ ಫೋನುಗಳಿದ್ದವು, ಕಣಜ ಇರಲಿಲ್ಲ. ಒಂದು ಗಂಟೆ ಕಳೆದ ಮೇಲೆ ಹಣೆ ಚಚ್ಚಿಕೊಂಡರು.

"ಕಣಜಕ್ಕೆ ಏನೂ ಆಗಿಲ್ಲ. ಅದು ಹಳೇ ವಿಳಾಸದಲ್ಲೇ ಕೂತಿದೆ."

ನನಗೆ ಅರ್ಥವಾಗುವ ಹಾಗೆ ಹೇಳಿದರು. ಮನೆಯೊಳಗಿನ ಒಂದೊಂದು ಸಾಧನಕ್ಕೂ ರೂಟರ್ ನಾಲ್ಕು ತುಂಡಿನ ಒಂದು ನಂಬರು ಕೊಡುತ್ತದೆ. ಅದರಲ್ಲಿ ಮೂರನೆಯ ತುಂಡು ಬೀದಿಯ ಹೆಸರಿದ್ದ ಹಾಗೆ, ಎಲ್ಲಕ್ಕೂ ಒಂದೇ ಇರಬೇಕು. ಬೀದಿ ಬೇರೆಯಾದರೆ ಒಂದರ ಕೂಗು ಇನ್ನೊಂದಕ್ಕೆ ಕೇಳುವುದಿಲ್ಲ. ಪಿಟೀಲು ಹಳೆಯ ರೂಟರಿನಲ್ಲಿ ತಾನೇ ಒಂದು ಬೀದಿ ಆರಿಸಿ, ಕಣಜವನ್ನು ಅಲ್ಲಿ ಕದಲದ ಹಾಗೆ ಕೂರಿಸಿದ್ದಳು. ಹೊಸ ರೂಟರ್ ಬಂದು ಬೀದಿಯೇ ಬೇರೆಯಾಗಿತ್ತು. ಹೊಸ ರೂಟರಿಗೆ ಹಳೆಯ ಬೀದಿಯ ನಂಬರು ಕೊಟ್ಟರೆ ಕಣಜ ತಾನೇ ಓಗೊಡುತ್ತದೆ.

"ಮತ್ತೇನು, ಕೊಡಿ," ಎಂದೆ.

"ಯಾವ ನಂಬರು ಅಂತ ಗೊತ್ತಿಲ್ಲ. ಎಲ್ಲರೂ ಇಡೋ ನಂಬರನ್ನ ಅವಳು ಇಡ್ಲಿಲ್ಲ. ಇಟ್ರೆ ನಾನು ಒಳಗೆ ಬಂದುಬಿಡ್ತೀನಂತೆ." ಸ್ವಲ್ಪ ನಕ್ಕರು.

"ಎಲ್ಲಾದ್ರೂ ಬರೆದಿಟ್ಟಿರ್ಬೇಕಲ್ಲ?" ಎಂದವಳು ನಾನೇ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ನೀಲಿ ಪುಸ್ತಕದಲ್ಲಿತ್ತು," ಎಂದರು ಭಾವ. "ರದ್ದಿಗೆ ಹಾಕಿದೆ. ನಾನೇ ಹಾಕಿದೆ."

ಸೊನ್ನೆಯಿಂದ ಇನ್ನೂರ ಐವತ್ತೈದರವರೆಗೆ ಯಾವುದಾದರೂ ಇರಬಹುದು. ಒಂದೊಂದು ನಂಬರು ಹಾಕಿದಾಗಲೂ ರೂಟರ್ ಆರಿ, ಕೆಂಪಾಗಿ, ಹಸಿರಾಗಿ ಎದ್ದು ಕೂರಲು ಐದು ನಿಮಿಷ. ಅಕ್ಕ ನನ್ನ ಅಳತೆ ಪುಸ್ತಕದ ಹಿಂದಿನ ಹಾಳೆ ಹರಿದುಕೊಂಡು ನಂಬರುಗಳನ್ನು ಬರೆದಳು, ಆದದ್ದನ್ನು ಹೊಡೆದುಹಾಕುತ್ತ ಹೋದಳು. ಮೊದಲು ಜಾಣತನ ಮಾಡಿದೆವು. ಪಿಟೀಲು ಹುಟ್ಟಿದ ತಾರೀಖು, ಅಕ್ಕನದು, ನನ್ನದು, ಮನೆ ನಂಬರು, ಅವಳು ಕಾಲೇಜಿಗೆ ಹೋಗುತ್ತಿದ್ದ ಬಸ್ಸಿನ ನಂಬರು. ಒಂದೂ ಅಲ್ಲ. ಆಮೇಲೆ ಸೊನ್ನೆಯಿಂದ ಸಾಲಾಗಿ.

ಭಾವ ಕೆಲಸದ ಕರೆಗಳನ್ನೆಲ್ಲ ಬೇಡವೆಂದರು. ನಾನು ಬೆಳಿಗ್ಗೆ ಬಂದು ಅಡುಗೆ ಮಾಡಿಟ್ಟು ಅಂಗಡಿಗೆ ಹೋಗಿ, ಮಧ್ಯಾಹ್ನ ಮತ್ತೆ ಬರುತ್ತಿದ್ದೆ. ಮೊದಲ ದಿನ ಗಂಡ ಹೆಂಡತಿ ಇಬ್ಬರೂ ದೀಪವನ್ನೇ ನೋಡುತ್ತ ಕೂತಿದ್ದರು. ಐದು ನಿಮಿಷ ಸುಮ್ಮನಿರುವುದು ಬಹಳ ಉದ್ದ. ಎರಡನೇ ದಿನ, ಎಪ್ಪತ್ತರ ಆಸುಪಾಸಿನಲ್ಲಿ ಅಕ್ಕನೇ ಬಾಯಿ ಬಿಟ್ಟಳು.

"ಒಂದರಲ್ಲಿ ನೀವು ಕುರ್ಚೀಲಿ ನಿದ್ದೆ ಮಾಡ್ತಿದ್ದೀರಿ. ಅವಳು ನಿಮ್ಮ ಮೂಗಿನ ಹತ್ರ ಹತ್ತಿ ಹಿಡಿದಿದ್ದಾಳೆ. ನೀವು ಉಸಿರು ಬಿಟ್ಟಾಗ ಅದು ಹಾರುತ್ತೆ."

"ಹತ್ತೀನಾ?"

"ಹೂಂ. ಹದಿನಾಲ್ಕು ಸಲ ಹಾರುತ್ತೆ."

ಭಾವ ನಕ್ಕರು. ನಗು ನಿಲ್ಲಲಿಲ್ಲ, ನಗುತ್ತಲೇ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಒಂದೊಂದು ನಂಬರಿಗೂ, "ಇನ್ನೇನಿದೆ?" ಎಂದು ಕೇಳತೊಡಗಿದರು. ಅಕ್ಕ ಹೇಳುತ್ತ ಹೋದಳು. ಮಗಳು ಸತ್ತ ಮೇಲೆ ಅವರಿಬ್ಬರೂ ಅವಳ ವಿಷಯ ಮಾತಾಡಿದ್ದು ಅದೇ ಮೊದಲು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನನಗೆ, ಈ ಹಾಳು ನಂಬರು ಇವತ್ತು ಸಿಗದಿದ್ದರೇ ಒಳ್ಳೆಯದು ಎನ್ನಿಸಿತು.

ಮಧ್ಯೆ ಒಮ್ಮೆ ಭಾವ ಅಡುಗೆಮನೆಗೆ ನೀರು ಕುಡಿಯಲು ಬಂದವರು ನನ್ನ ಹತ್ತಿರ ಮೆಲ್ಲಗೆ ಕೇಳಿದರು. "ಅವಳು ಬೈದಿರ್ತಾಳೆ, ಅಲ್ವಾ?"

"ಇರಬಹುದು. ಬೈಯದೆ ಬಿಡೋ ಹುಡುಗಿಯೇ?"

"ಬೈದಿದ್ರೂ ಸರಿ. ಕೇಳ್ಬೇಕು," ಎಂದರು.

ಮೂರನೇ ದಿನ ಮಧ್ಯಾಹ್ನ, ನೂರ ಎಂಬತ್ತಾರು. ದೀಪ ಹಸಿರಾಯಿತು. ಪಟ್ಟಿಯಲ್ಲಿ ಟಿ.ವಿ. ಬಂತು, ಲ್ಯಾಪ್‌ಟಾಪ್ ಬಂತು, ಫೋನುಗಳು ಬಂದವು. ಭಾವ ಮುಂದಿನ ನಂಬರಿಗೆ ಕೈ ಹಾಕುವಷ್ಟರಲ್ಲಿ ಕೆಳಗೆ ಇನ್ನೊಂದು ಸಾಲು ಮೂಡಿತು. ಕಣಜ.

ಅಕ್ಕ ಕೂಗಿದ ಕೂಗಿಗೆ ಪಕ್ಕದ ಮನೆಯವರು ಬಾಗಿಲು ತಟ್ಟಿದರು. ನೂರ ಎಂಬತ್ತಾರೇ ಏಕೆ ಎಂದು ಅವಳು ಇವತ್ತಿಗೂ ಲೆಕ್ಕ ಹಾಕುತ್ತಾಳೆ. ಯಾವುದಕ್ಕೂ ಕೂಡಿಬರುವುದಿಲ್ಲ. ಬಾಯಿಗೆ ಬಂದದ್ದನ್ನು ಇಟ್ಟಿರುತ್ತಾಳೆ ಎಂದು ನಾನು ಹೇಳಿದರೆ ಒಪ್ಪುವುದಿಲ್ಲ.

ನಾಲ್ಕಕ್ಕೆ ಇನ್ನೂ ಹೊತ್ತಿತ್ತು, ಆದರೂ ಟಿ.ವಿ. ಹಾಕಿದೆವು. ಭಾವ ಹೊರಗೆ ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ತೀರ ಹತ್ತಿರ ಕೂತರು. ಪಿಟೀಲು ಪರದೆಯ ಮೇಲೆ ಬಂದು, ಹಲ್ಲುಜ್ಜುತ್ತಲೇ ಏನೋ ಹೇಳಿ, ಹೋದಳು. ಹತ್ತಿ ಹಾರಿದ್ದನ್ನು ನೋಡಿದೆವು. ಭಾವನ ಎರಡು ಕೈಯೂ ಮೊಣಕಾಲನ್ನು ಗಟ್ಟಿಯಾಗಿ ಹಿಡಿದಿದ್ದವು. ಅರ್ಧ ಗಂಟೆಯಾದ ಮೇಲೆ ಅವರು, "ಆಸ್ಪತ್ರೇದು ಹಾಕು," ಎಂದರು.

"ಇವತ್ತು ಇಷ್ಟು ಸಾಕು ರೀ."

"ನನಗೆ ಅಂತ ಹೇಳಿದ್ದು. ಅದೊಂದು ಹಾಕು."

"ನಾಳೆ ನೋಡೋಣ. ಊಟನೂ ಆಗಿಲ್ಲ ನಿಮ್ಮದು."

ಭಾವ ಅವಳ ಕೈಯಿಂದ ರಿಮೋಟ್ ತೆಗೆದುಕೊಂಡರು. ಪಟ್ಟಿಯ ಕೊನೆಗೆ ಹೋದರು. ಕೊನೆಯ ವಿಡಿಯೋದಲ್ಲಿ ಅಕ್ಕ ಕಪಾಟಿನಲ್ಲಿ ಥರ್ಮಾಮೀಟರ್ ಹುಡುಕುತ್ತಿದ್ದಾಳೆ. ಚಿತ್ರ ಹಿಡಿದವಳ ದನಿ, ಜ್ವರಕ್ಕೆ ಒಡೆದ ದನಿ, "ಮೇಲಿನ ಖಾನೇಲಿ ಅಮ್ಮ, ಮೇಲಿನ ಖಾನೇಲಿ," ಎನ್ನುತ್ತದೆ. ತಾರೀಖು ಆಸ್ಪತ್ರೆಗೆ ಸೇರಿಸಿದ ಹಿಂದಿನ ದಿನದ್ದು. ಅದರ ಮುಂದೆ ಏನೂ ಇರಲಿಲ್ಲ. ಭಾವ ಮೇಲೆ ಹೋಗಿ ಮತ್ತೆ ಕೆಳಗೆ ಬಂದರು. ಇರಲಿಲ್ಲ.

ನನಗೆ ತಲೆಬುಡ ತಿಳಿಯಲಿಲ್ಲ. "ಎಲ್ಲ ಕಣಜಕ್ಕೆ ಬರುತ್ತೆ ಅಂದಿದ್ಲಲ್ಲ?" ಎಂದೆ.

ಭಾವ ಉತ್ತರ ಕೊಟ್ಟದ್ದು ನನಗಲ್ಲ, ಟಿ.ವಿ.ಗೆ ಹೇಳಿದ ಹಾಗಿತ್ತು. "ಮನೆಗೆ ಬಂದ್ಮೇಲೆ ಬರುತ್ತೆ. ಈ ಮನೆ ರೂಟರ್ ಸಿಕ್ಕಿದ ಮೇಲೇ ಫೋನಿಂದ ಇದಕ್ಕೆ ಇಳಿಯೋದು. ಆ ಫೋನು ಮನೆಗೆ ಬರ್ಲೇ ಇಲ್ಲ."

ಆಗ ನನಗೆ ಆಸ್ಪತ್ರೆಯ ಮೆಟ್ಟಿಲು ನೆನಪಾಯಿತು, ಅಲ್ಲಾಡುತ್ತಿದ್ದ ಆ ತುಟಿ ನೆನಪಾಯಿತು. ಮನೆಗೆ ಹೋದ್ಮೇಲೆ ಎಂದು ಪಿಟೀಲು ನನಗೇ ಹೇಳಿದ್ದಳು. ಅಷ್ಟು ಸಣ್ಣ ವಿಷಯ ನನಗೆ ಹೊಳೆಯದಿದ್ದರೆ ಸರಿ, ಜೀವನವಿಡೀ ಅದೇ ಕಸುಬು ಮಾಡಿದವರಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಅವತ್ತು ಅವರಿಗೆ ಬೇಕಾಗಿದ್ದದ್ದು ಆ ಗುರುಗುಟ್ಟುವ ಸದ್ದು ನಿಲ್ಲುವುದೊಂದೇ.

"ಹನ್ನೊಂದು ದಿನ," ಎಂದರು ಭಾವ. "ನಾನೇ ಒರೆಸಿದೆ."

ಅಕ್ಕ ತಲೆ ತಗ್ಗಿಸಿ ಕೂತಿದ್ದಳು.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವಾಗಿಂದ?"

"ಮೊದಲನೇ ಸಲ ಕೊನೇವರೆಗೂ ನೋಡಿದಾಗಿಂದ. ಮೂರು ವರ್ಷ ಆಯ್ತು."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವೂ ಉಳೀತಿರ್ಲಿಲ್ಲ. ಇರೋದು ನೀವೊಬ್ರು ನನಗೆ."

ಅಕ್ಕ ಪಿನ್ನಿಗಷ್ಟೇ ಹೆದರಿ ಅವರನ್ನು ತಡೆದಳು ಎಂದು ನಾನು ತಿಳಿದಿದ್ದೆ. ಅವಳು ಅದಕ್ಕಿಂತ ಹೆದರಿದ್ದು ಕೊನೆಯ ವಿಡಿಯೋದ ಈ ತಾರೀಖಿಗೆ, ಭಾವ ಅದನ್ನು ನೋಡಿಬಿಟ್ಟಾರೆಂದು. ಮೂರು ವರ್ಷ ಅದನ್ನು ಒಬ್ಬಳೇ ನುಂಗಿಕೊಂಡು, ಗಂಡ ಹೊರಗೆ ಹೋದ ಹೊತ್ತು ನೋಡಿ ಹತ್ತು ಹತ್ತು ನಿಮಿಷ ನೋಡಿದ್ದಳು. ಆಸ್ಪತ್ರೆಯ ಮಾತು ಎತ್ತಿ ಅವರಲ್ಲಿ ಆಸೆ ಹುಟ್ಟಿಸಿದವಳು ನಾನು. ನನ್ನ ಬಾಯಿಗೆ ಬೆಂಕಿ ಬೀಳಲಿ ಎಂದು ಅವತ್ತು ಎಷ್ಟು ಸಲ ಅಂದುಕೊಂಡೆನೋ. 

ಭಾವ ಕೂಗಾಡಲಿಲ್ಲ, ಅಳಲೂ ಇಲ್ಲ. ಎದ್ದು ಹೋಗಿ, ಬಣ್ಣ ಬಳಿಸಿದ ಆ ಖಾಲಿ ಕೋಣೆಯ ನೆಲದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದರು. ಅಕ್ಕ ಪಕ್ಕದಲ್ಲಿ ಹೋಗಿ ಕೂತಳು.

ಮರುದಿನ ಅವರು ಆ ಆಯಾಳನ್ನು ಹುಡುಕಿಕೊಂಡು ಹೋಗಿ ಬಂದರು. ಫೋನು ಎಂದೋ ಒಡೆದು ಹೋಗಿತ್ತಂತೆ. ಸಿಕ್ಕಿದ್ದರೂ ಅದರಲ್ಲೇನೂ ಇರುತ್ತಿರಲಿಲ್ಲ ಎನ್ನುವುದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಹೋಗಿದ್ದರು.

ಈಗ ಭಾವ ಜೇಬಿನಲ್ಲಿ ಪಿನ್ನು ಇಟ್ಟುಕೊಳ್ಳುವುದಿಲ್ಲ. ಗಿರಾಕಿಯ ಮನೆಗೆ ಹೋದರೆ ಇದ್ದದ್ದನ್ನೆಲ್ಲ ಮೊದಲು ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ, ಒಂದೊಂದೇ ತಂತಿ ಹಿಡಿದು ನೋಡುತ್ತಾರೆ. ಹತ್ತು ನಿಮಿಷದ ಕೆಲಸಕ್ಕೆ ಅರ್ಧ ದಿನ. ರೀಸೆಟ್ಟಪ್ಪನಿಗೆ ವಯಸ್ಸಾಯಿತು ಎಂದು ಜನ ಬೇರೆಯವರನ್ನು ಕರೆಯತೊಡಗಿದ್ದಾರೆ. ಅಕ್ಕನ ಕನ್ನಡಿಯ ಹಲಗೆಯ ಮೇಲೆ ಪಿನ್ನುಗಳು ಇಟ್ಟಲ್ಲೇ ಇರುತ್ತವೆ. ಕಣಜದ ಹಣೆಯ ಪಟ್ಟಿ ಹಳದಿಯಾಗಿದೆ, ಒಂದು ತುದಿ ಎದ್ದಿದೆ. ಅದನ್ನು ಒತ್ತಿ ಅಂಟಿಸಲೂ ಭಾವ ಕೈ ಹಾಕುವುದಿಲ್ಲ, ಅಕ್ಕನನ್ನೇ ಕರೆಯುತ್ತಾರೆ.

ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ನನ್ನ ಅಂಗಡಿಗೆ ಬಂದು, ಗಿರಾಕಿಗಳ ಸ್ಟೂಲಿನ ಮೇಲೆ ಕೂರುತ್ತಾರೆ. ನಾನು ಮಿಷನ್ನು ತುಳಿಯುವುದನ್ನು ಸ್ವಲ್ಪ ಹೊತ್ತು ನೋಡುತ್ತಾರೆ. ಆಮೇಲೆ ಅದೇ ಪ್ರಶ್ನೆ.

"ಆಸ್ಪತ್ರೇಲಿ ಅವತ್ತು ನೀನು ಬಾಗಿಲ ಹತ್ರ ಇದ್ದೆ, ಅಲ್ವಾ?"

"ಇದ್ದೆ ಭಾವ."

"ಏನಂದ್ಲು?"

"'ಅಪ್ಪಾ' ಅಂದ್ಲು."

"ಆಮೇಲೆ?"

"ಬಾಗಿಲು ಮುಚ್ಕೊಳ್ತು."

"ಸಿಟ್ಟಲ್ಲಿ ಅಂದ್ಲಾ?"

"ಇಲ್ಲ. ಸಿಟ್ಟಿರ್ಲಿಲ್ಲ."

ಒಂದು ವಾಕ್ಯ ಕಟ್ಟಿ ಹೇಳುವುದು ನನಗೆ ಕಷ್ಟವಲ್ಲ. ಪಿಟೀಲು ಹೇಗೆ ಮಾತಾಡುತ್ತಿದ್ದಳು, ಎಲ್ಲಿ ರಾಗ ಎಳೆಯುತ್ತಿದ್ದಳು, ಎಲ್ಲ ನನಗೆ ಗೊತ್ತು. ಫ್ಲಾಸ್ಕ್ ಹಿಡಿದು ಇನ್ನೊಂದು ಗಳಿಗೆ ಅಲ್ಲೇ ನಿಂತಿದ್ದೆ, ಇಂಥ ಮಾತು ಕೇಳಿಸಿತು ಎಂದರೆ ಭಾವ ನಂಬಿಬಿಡುತ್ತಾರೆ. ಆ ಸುಳ್ಳು ಎಷ್ಟೋ ಸಲ ನನ್ನ ನಾಲಿಗೆಯ ತುದಿಗೆ ಬಂದಿದೆ. ಆದರೆ ಒರೆಸಿದ ಜಾಗದಲ್ಲಿ ಹೊಸದಾಗಿ ಬರೆಯುವ ಆ ಕೆಲಸವನ್ನೇ ತಾನೇ ನಾನು ಇಷ್ಟು ವರ್ಷ ಬೈದದ್ದು. ಹಾಗಾಗಿ ಪ್ರತಿ ಸಲವೂ ಬಾಗಿಲು ಮುಚ್ಚಿಕೊಂಡಿತು ಎಂದೇ ಹೇಳುತ್ತೇನೆ. ಭಾವ ತಲೆಯಾಡಿಸುತ್ತಾರೆ. ಗೋಡೆಯ ಗಡಿಯಾರ ನೋಡಿ, "ನಾಲ್ಕಾಗ್ತಾ ಬಂತು, ಅವಳು ಕಾಯ್ತಿರ್ತಾಳೆ," ಎಂದು ಎದ್ದು ಮನೆಗೆ ಹೊರಡುತ್ತಾರೆ.